ಬೇಟೆಯಾಡಿದ ಜಿಂಕೆ ಕಾಡಿನಿಂದ ಮನೆಗೆ: ಎಸ್‌ಯುವಿಗೆ ಏರಿಸುವ ಮೊದಲು ತಿಳಿದಿರಬೇಕಾದದ್ದು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಬಂದೂಕಿನ ಜಿಂಕೆ ಬೇಟೆ ಶುರುವಾಗುತ್ತದೆ. ಒಂಬತ್ತು ದಿನದ ಸೀಸನ್. ಆ ದಿನಗಳಲ್ಲಿ ಉತ್ತರದ ಕಾಡುಗಳ ಕಡೆಯಿಂದ ಬರುವ ಹೆದ್ದಾರಿಗಳಲ್ಲಿ, ಹಿಂಬದಿಗೆ ಜಿಂಕೆ ಕಟ್ಟಿಕೊಂಡ ಜೀಪು, ಪಿಕಪ್, ಎಸ್‌ಯುವಿಗಳು ಒಂದರ ಹಿಂದೊಂದು ಕಾಣುತ್ತವೆ. ಅಲ್ಲಿಗೆ ಹೊಸದಾಗಿ ಹೋದ ಕನ್ನಡಿಗರಿಗೆ ಈ ನೋಟ ಮೊದಲ ಸಲ ಗಾಬರಿ ಹುಟ್ಟಿಸುತ್ತದೆ. ಹುಟ್ಟಿಸಬೇಕಾದದ್ದೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಕೊಲ್ಲುವುದೂ ಅಪರಾಧ, ಅದರ ಮಾಂಸ ಗಾಡಿಯಲ್ಲಿ ಸಾಗಿಸುವುದೂ ಅಪರಾಧ. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿನ ಬಿಳಿಬಾಲದ ಜಿಂಕೆ 1900ರ ಹೊತ್ತಿಗೆ ಲಂಗುಲಗಾಮಿಲ್ಲದ ಬೇಟೆಯಿಂದ ಕೆಲವೇ ಲಕ್ಷಕ್ಕೆ ಇಳಿದಿತ್ತು. ಆಮೇಲೆ ಲೈಸೆನ್ಸು ಬಂತು, ಸೀಸನ್ ಬಂತು, ಒಬ್ಬರಿಗೆ ಇಂತಿಷ್ಟೇ ಅನ್ನುವ ಮಿತಿ ಬಂತು. 1937ರ ಒಂದು ಕಾಯ್ದೆಯಿಂದ ಬೇಟೆಯ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯ (ಈಗ ಶೇಕಡಾ 11) ದುಡ್ಡು ಕಾಡುಪ್ರಾಣಿಗಳ ಸಂರಕ್ಷಣೆಗೆ ಹೋಗತೊಡಗಿತು. ಈಗ ಅಲ್ಲಿ ಜಿಂಕೆಗಳು ಸುಮಾರು 3 ಕೋಟಿ. ತೋಳಗಳು ಬಹುಪಾಲು ಪ್ರದೇಶದಿಂದ ಮರೆಯಾಗಿರುವುದರಿಂದ ಅವುಗಳ ಸಂಖ್ಯೆಗೆ ಕಡಿವಾಣ ಹಾಕುವ ಕೆಲಸ ಬೇಟೆಗಾರರ ಪಾಲಿಗೆ ಬಂದಿದೆ. ವರ್ಷಕ್ಕೆ ಸುಮಾರು 60 ಲಕ್ಷ ಜಿಂಕೆಗಳು ಬೇಟೆಯಾಗುತ್ತವೆ. ಕಾಡಿನ ಬೇಟೆಮಾಂಸವನ್ನು ಮಾರುವಂತಿಲ್ಲ. ಅದು ಮನೆಯ ಫ್ರೀಜರಿಗೇ ಹೋಗಬೇಕು, ಇಲ್ಲವೇ ದಾನವಾಗಬೇಕು.

ಹಾಗಾಗಿ ಕಾಡಿನಿಂದ ಫ್ರೀಜರ್‌ವರೆಗಿನ ಆ ದಾರಿ ಬಹಳ ಮುಖ್ಯ. ಒಂದು ಜೀವವನ್ನು ತೆಗೆದ ಮೇಲೆ ಅದರ ಮಾಂಸವನ್ನು ದಾರಿಯಲ್ಲಿ ಕೊಳೆಸಿ ಎಸೆಯುವುದಕ್ಕಿಂತ ದೊಡ್ಡ ತಪ್ಪು ಬೇಟೆಯಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾಗಣೆ ಅಂದ ಕೂಡಲೇ ಜನ ಹಗ್ಗ, ಕ್ಯಾರಿಯರ್, ಗಾಡಿಯ ತಾಕತ್ತು ಅಂತ ಮಾತು ಶುರು ಮಾಡುತ್ತಾರೆ. ಅದೆಲ್ಲ ಬೇಕು. ಆದರೆ ಮೊದಲ ಲೆಕ್ಕ ಶಾಖದ್ದು.

ಬದುಕಿದ್ದಾಗ ಜಿಂಕೆಯ ಮೈ ಬಿಸಿ 38–39 ಡಿಗ್ರಿ ಸೆಲ್ಸಿಯಸ್. ಜೀವ ಹೋದ ಮೇಲೆ ರಕ್ತ ಓಡುವುದಿಲ್ಲ, ಒಳಗಿನ ಬಿಸಿ ಹೊರಗೆ ಬರಲು ದಾರಿ ಇರುವುದಿಲ್ಲ. ಮಾಂಸ ಕೆಡಿಸುವ ಬ್ಯಾಕ್ಟೀರಿಯಾಗಳು 4 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಚೆನ್ನಾಗಿ ಬೆಳೆಯುತ್ತವೆ. ಅಂದರೆ ನಮ್ಮ ಕೆಲಸ ಒಂದೇ: ಮಾಂಸವನ್ನು ಆದಷ್ಟು ಬೇಗ 4 ಡಿಗ್ರಿಯ ಹತ್ತಿರಕ್ಕೆ ಇಳಿಸಬೇಕು. ನವೆಂಬರಿನಲ್ಲಿ ಜಿಂಕೆಗೆ ಚಳಿಗಾಲದ ಕೂದಲು ಬಂದಿರುತ್ತದೆ. ಆ ಕೂದಲಿನ ಒಳಗೆ ಗಾಳಿ ತುಂಬಿರುತ್ತದೆ. ಅನ್ನದ ಪಾತ್ರೆಗೆ ಕಂಬಳಿ ಸುತ್ತಿಟ್ಟರೆ ಗಂಟೆಗಟ್ಟಲೆ ಬಿಸಿ ಆರುವುದಿಲ್ಲ ಅಲ್ವಾ, ಇಲ್ಲೂ ಹಾಗೇ. ಹೊರಗೆ ಹಿಮ ಬೀಳುತ್ತಿದ್ದರೂ ಹಿಂಗಾಲಿನ ಸೊಂಟದ ಕೀಲಿನ ಹತ್ತಿರ ಮಾಂಸ ಬಿಸಿಯಾಗಿಯೇ ಇರುತ್ತದೆ. ಮೂಳೆಗೆ ಅಂಟಿದ ಮಾಂಸ ಮೊದಲು ಹುಳಿ ವಾಸನೆ ಹಿಡಿಯುವುದು ಅಲ್ಲಿಯೇ.

ಅದಕ್ಕೇ ಜಿಂಕೆ ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು, ಜಠರ, ಶ್ವಾಸಕೋಶ ಎಲ್ಲವನ್ನೂ ತೆಗೆಯುತ್ತಾರೆ. ಇದರಿಂದ ಎರಡು ಲಾಭ. ಒಳಗಿನ ಬಿಸಿಯ ದೊಡ್ಡ ಗಂಟೇ ಹೊರಗೆ ಹೋಗುತ್ತದೆ, ತೂಕದಲ್ಲೂ ಐದರಲ್ಲಿ ಒಂದು ಪಾಲು ಇಳಿಯುತ್ತದೆ. 75 ಕಿಲೋ ಜಿಂಕೆ 60 ಕಿಲೋ ಆಗುತ್ತದೆ. ಚಾಕು ಮೆಲುಕು ಹೊಟ್ಟೆಗೋ ಮೂತ್ರಕೋಶಕ್ಕೋ ತಾಗಬಾರದು. ತಾಗಿದರೆ ಒಳಗಿನದ್ದು ಮಾಂಸದ ಮೇಲೆ ಚೆಲ್ಲಿ, ಮುಂದೆ ಎಷ್ಟೇ ಐಸ್ ಹಾಕಿದರೂ ಆ ಭಾಗ ಕೆಟ್ಟ ಹಾಗೇ. ಚೆಲ್ಲಿದರೆ ಒಣ ಬಟ್ಟೆಯಿಂದ ಒರೆಸಿ, ಕೊಳೆಯಾದ ಪದರವನ್ನು ಕತ್ತರಿಸಿ ತೆಗೆಯುವುದು ಒಳ್ಳೆಯದು. ಹಳ್ಳದ ನೀರು ಸುರಿದು ತೊಳೆದರೆ ಕೊಳೆ ಇನ್ನಷ್ಟು ಹರಡುತ್ತದೆ.

ಇನ್ನು ಗಾಡಿ ಇರುವ ಕಡೆಗೆ ತರಬೇಕು. ಆಫ್‌ರೋಡ್ ಎಸ್‌ಯುವಿ ಇದೆಯಲ್ಲ, ಜಿಂಕೆ ಬಿದ್ದ ಕಡೆಗೇ ಓಡಿಸಿಕೊಂಡು ಹೋದರಾಯಿತು ಅಂತ ಅನ್ನಿಸಬಹುದು. ಬಹುತೇಕ ಕಡೆ ಹಾಗೆ ಹೋಗುವಂತಿಲ್ಲ. ಉತ್ತರ ವಿಸ್ಕಾನ್ಸಿನ್‌ನಲ್ಲಿ ಚೆಕ್ವಾಮೆಗನ್–ನಿಕೋಲೆ ಅನ್ನುವ ರಾಷ್ಟ್ರೀಯ ಅರಣ್ಯ ಇದೆ, 15 ಲಕ್ಷ ಎಕರೆಗೂ ಜಾಸ್ತಿ. ಇಂಥ ಅರಣ್ಯಗಳಲ್ಲಿ ಯಾವ ದಾರಿಯಲ್ಲಿ ಯಾವ ಗಾಡಿ ಓಡಬಹುದು ಅನ್ನುವ ನಕ್ಷೆಯನ್ನು ಅರಣ್ಯ ಇಲಾಖೆ ಪ್ರಕಟಿಸುತ್ತದೆ. 2005ರ ನಿಯಮದಿಂದ ಬಂದ ಪದ್ಧತಿ ಇದು. ನಕ್ಷೆಯಲ್ಲಿ ಇಲ್ಲದ ದಾರಿಗೆ ಚಕ್ರ ಇಳಿಸಿದರೆ ದಂಡ. 1964ರ ಕಾಯ್ದೆಯಡಿ 'ವೈಲ್ಡರ್‌ನೆಸ್' ಅಂತ ಗುರುತಿಸಿದ ಭಾಗಗಳಲ್ಲಂತೂ ಕೈಯಲ್ಲಿ ತಳ್ಳುವ ಚಕ್ರದ ಗಾಡಿಯನ್ನೂ ಒಯ್ಯುವಂತಿಲ್ಲ. ಹಾಗಾಗಿ ಆಫ್‌ರೋಡ್ ಗಾಡಿಯ ಉಪಯೋಗ ಇರುವುದು ಕೆಸರು, ಹಿಮ, ಗುಂಡಿ ತುಂಬಿದ ಅರಣ್ಯ ರಸ್ತೆಯಲ್ಲಿ. ರಸ್ತೆಯಿಂದ ಒಳಗಿನ ಅರ್ಧ ಕಿಲೋಮೀಟರು, ಒಂದು ಕಿಲೋಮೀಟರು ಮನುಷ್ಯರದ್ದೇ ಪಾಡು.

ಎಳೆಯುವಾಗ ತಲೆ ಮುಂದೆ ಇರಬೇಕು. ಕೂದಲು ಮಲಗುವ ದಿಕ್ಕಿಗೇ ಎಳೆದ ಹಾಗಾಗುತ್ತದೆ, ಜಗ್ಗುವುದು ಹಗುರ. ಹಿಮವಿದ್ದರೆ ಪ್ಲಾಸ್ಟಿಕ್ ಸ್ಲೆಡ್ (ಹಿಮದ ಮೇಲೆ ಜಾರುವ ತಟ್ಟೆ) ಬಹಳ ಸಲೀಸು. ಸೀಳಿದ ಹೊಟ್ಟೆಗೆ ಮಣ್ಣು, ಎಲೆ ಸೇರುವುದೂ ತಪ್ಪುತ್ತದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಇದನ್ನು ಕಸರತ್ತು ಅಂದುಕೊಂಡು ಒಂದೇ ಉಸಿರಿಗೆ ಮುಗಿಸಲು ಹೋಗಬಾರದು. ಚಳಿಯಲ್ಲಿ 60 ಕಿಲೋ ಜಗ್ಗುವುದು ಹೃದಯಕ್ಕೆ ನಿಜಕ್ಕೂ ಭಾರಿ ಹೊರೆ. ಇಬ್ಬರು ಸೇರಿ, ನಿಂತು ನಿಂತು ಎಳೆಯಿರಿ.

ಗಾಡಿಯ ಹತ್ತಿರ ಬಂತು. ಈಗ ಎಲ್ಲಿ ಇಡುವುದು?

ಹಳೆಯ ಫೋಟೊಗಳಲ್ಲಿ ಜಿಂಕೆಯನ್ನು ಕಾರಿನ ಬಾನೆಟ್ ಮೇಲೆ ಕಟ್ಟಿರುವುದನ್ನು ನೋಡಿರಬಹುದು. ಮಾಂಸದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಕೆಳಗೆ ಇಂಜಿನ್ನು ಕಾಯುತ್ತಿರುತ್ತದೆ. ಚಾವಣಿ ಆಗಬಹುದೇ? ಗಾಳಿ ಚೆನ್ನಾಗಿ ಸಿಗುತ್ತದೆ, ನಿಜ. ಆದರೆ ಬಹಳಷ್ಟು ಎಸ್‌ಯುವಿಗಳ ಚಾವಣಿ ಗಾಡಿ ಓಡುವಾಗ ತಾಳುವ ಭಾರ 75 ಕಿಲೋ ಆಸುಪಾಸು. ಮೇಲಿನ ಚರಣಿಗೆಯ ತೂಕವೂ ಅದರಲ್ಲೇ ಸೇರಿರುತ್ತದೆ. ಒಂದು ದೊಡ್ಡ ಜಿಂಕೆಗೆ ಆ ಲೆಕ್ಕ ಮುಗಿಯಿತು. ಮೊದಲೇ ಎತ್ತರದ ಗಾಡಿ, ಅದರ ನೆತ್ತಿಯ ಮೇಲೆ ಭಾರ. ಓರೆಯಾದ ಕಾಡುದಾರಿಯಲ್ಲಿ ಪಕ್ಕಕ್ಕೆ ಮಗುಚುವ ಅಪಾಯ ಇಲ್ಲೇ ಇರುವುದು. ಮೇಲಾಗಿ 60 ಕಿಲೋ ದೇಹವನ್ನು ತಲೆಗಿಂತ ಎತ್ತರಕ್ಕೆ ಎತ್ತುವುದೂ ಸಣ್ಣ ಕೆಲಸವಲ್ಲ.

ಒಳಗೆ, ಹಿಂದಿನ ಸೀಟು ಮಡಿಚಿ ಇಡಬಹುದು. ಸಮತೋಲನಕ್ಕೆ ಇದೇ ಒಳ್ಳೆಯ ಜಾಗ, ಭಾರ ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಕೂರುತ್ತದೆ. ಆದರೆ ಹೀಟರ್ ಹಾಕುವಂತಿಲ್ಲ. ಹಾಕಿದರೆ ಮಾಂಸವನ್ನು ಬೆಚ್ಚಗೆ ಇಟ್ಟ ಹಾಗೆ. ಅಂಚು ಎತ್ತರವಿರುವ ರಬ್ಬರ್ ಟ್ರೇ ಹಾಸದಿದ್ದರೆ ರಕ್ತ ಕಾರ್ಪೆಟ್ಟಿಗೆ ಇಳಿದು ಆ ವಾಸನೆ ಬೇಸಿಗೆಯವರೆಗೂ ಹೋಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಜಿಂಕೆಯ ಕಾಲು ಹೊರಗೆ ಚಾಚಿಕೊಂಡಿದೆ ಅಂತ ಹಿಂಬಾಗಿಲನ್ನು ಅರ್ಧ ತೆರೆದಿಟ್ಟು ಓಡಿಸುವವರಿದ್ದಾರೆ. ಗಾಡಿ ಮುಂದಕ್ಕೆ ಓಡುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ ಅಲ್ಲಿ ಸುಳಿ ಏಳುತ್ತದೆ. ಸೈಲೆನ್ಸರಿನ ಹೊಗೆ ಆ ಸುಳಿಗೆ ಸಿಕ್ಕಿ, ತೆರೆದ ಬಾಗಿಲಿನಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಗೆ ಕಿಟಕಿ ಮುಚ್ಚಿ ಕೂತವರಿಗೆ ಮೊದಲು ತಲೆನೋವು, ಆಮೇಲೆ ಮಂಪರು. ಡ್ರೈವರಿಗೆ ಮಂಪರು ಬಂದರೆ ಮುಂದಿನದ್ದು ಹೇಳಬೇಕಿಲ್ಲ. ಬಾಗಿಲು ಪೂರ್ತಿ ಮುಚ್ಚಲು ಆಗದಿದ್ದರೆ ಜಿಂಕೆಯನ್ನು ಒಳಗೆ ಇಡಲೇಬೇಡಿ.

ಇದಕ್ಕೆ ಉಪಾಯ ಸರಳ. ಸತ್ತ ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಅದಕ್ಕೆ ಮೊದಲೇ ಮುಂಗಾಲುಗಳನ್ನು ಎದೆಗೆ, ಹಿಂಗಾಲುಗಳನ್ನು ಹೊಟ್ಟೆಯ ಕಡೆಗೆ ಮಡಿಚಿ ಸಡಿಲವಾಗಿ ಕಟ್ಟಿಬಿಡಬೇಕು. ಸೆಟೆದ ಮೇಲೆ ಅದೇ ಆಕಾರದಲ್ಲಿ ಉಳಿಯುತ್ತದೆ, ಜಾಗವೂ ಕಡಿಮೆ ಸಾಕು. ಕಾಲು ಚಾಚಿ ಸೆಟೆದ ಜಿಂಕೆಯನ್ನು ಆಮೇಲೆ ಮಡಿಚಲು ಹೋದರೆ ಸುಮ್ನೆ ಒದ್ದಾಟ.

ಹೆಚ್ಚಿನವರು ಆರಿಸಿಕೊಳ್ಳುವುದು ಹಿಚ್ ಕ್ಯಾರಿಯರ್. ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸಲು ಎರಡು ಇಂಚಿನ ಚೌಕ ಕೊಳವೆ ಇರುತ್ತದಲ್ಲ, ಅದಕ್ಕೆ ಸಿಕ್ಕಿಸುವ ಕಬ್ಬಿಣದ ಜಾಲರಿ ತಟ್ಟೆ ಇದು. ನೆಲದಿಂದ ಮೊಣಕಾಲೆತ್ತರ, ಎತ್ತುವುದು ಸುಲಭ, ರಕ್ತ ಕೆಳಗೆ ಸೋರಿಹೋಗುತ್ತದೆ, ಚಳಿಗಾಳಿ ಆಡುತ್ತದೆ. ಇಂಥ ಕ್ಯಾರಿಯರ್‌ಗಳ ಮೇಲೆ ಸಾಮಾನ್ಯವಾಗಿ 500 ಪೌಂಡ್ ಅಂತ ಬರೆದಿರುತ್ತದೆ, ಅಂದರೆ ಸುಮಾರು 225 ಕಿಲೋ. ಅದನ್ನು ನೋಡಿ ಸಮಾಧಾನ ಪಡುವ ಮೊದಲು ಈ ಲೆಕ್ಕ ನೋಡಿ.

ಕ್ಯಾರಿಯರ್ 25 ಕಿಲೋ, ಎರಡು ಜಿಂಕೆ ತಲಾ 60 ಕಿಲೋ, ಒಟ್ಟು 145. ಗಾಡಿಯ ಮುಂದಿನ ಹಿಂದಿನ ಚಕ್ರಗಳ ನಡುವೆ 2.8 ಮೀಟರ್ ಅಂತರ ಇದೆ ಅಂದುಕೊಳ್ಳಿ. ಟೊಯೋಟಾ ಫೋರ್‌ರನ್ನರ್‌ನಂಥ ಗಾಡಿಗಳಲ್ಲಿ ಹತ್ತಿರ ಹತ್ತಿರ ಅಷ್ಟಿದೆ. ಕ್ಯಾರಿಯರ್‌ನ ನಡುಭಾಗ ಹಿಂದಿನ ಆಕ್ಸಲ್‌ನಿಂದ 1.4 ಮೀಟರ್ ಆಚೆಗಿದೆ, ಅಂದರೆ ಚಕ್ರಗಳ ಅಂತರದ ಸರಿಯಾಗಿ ಅರ್ಧ. ಹಿಂದಿನ ಆಕ್ಸಲ್ ಆಧಾರವಾಗಿ ನಿಂತು, ಹಿಂದಿನ ಭಾರ ಮುಂದಿನ ಭಾಗವನ್ನು ಮೀಟುತ್ತದೆ. 145ರ ಅರ್ಧದಷ್ಟು, 72 ಕಿಲೋಗೂ ಸ್ವಲ್ಪ ಜಾಸ್ತಿ, ಮುಂದಿನ ಚಕ್ರಗಳ ಮೇಲಿನಿಂದ ಕಡಿಮೆಯಾಗುತ್ತದೆ. ಹಿಂದಿನ ಚಕ್ರಗಳ ಮೇಲೆ 145 ಅಲ್ಲ, 217 ಕಿಲೋ ಬೀಳುತ್ತದೆ. ಸ್ಟೀರಿಂಗ್ ಇರುವುದು ಮುಂದೆ, ಬ್ರೇಕಿನ ಹೆಚ್ಚಿನ ಹಿಡಿತ ಇರುವುದೂ ಮುಂದೆ. ಹಿಮ ಕಟ್ಟಿದ ರಸ್ತೆಯಲ್ಲಿ ಆ ಚಕ್ರಗಳು ಹಗುರಾದರೆ ತಿರುವಿನಲ್ಲಿ ಗಾಡಿ ನಿಮ್ಮ ಮಾತು ಕೇಳುವುದು ನಿಧಾನವಾಗುತ್ತದೆ. ಹಿಂಭಾಗ ಕುಸಿದು ಹೆಡ್‌ಲೈಟ್ ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಾಡುದಾರಿಯ ಗುಂಡಿಗೆ ಇಳಿದು ಏರುವಾಗ ಕ್ಯಾರಿಯರಿನ ತುದಿ ನೆಲಕ್ಕೆ ಉಜ್ಜುತ್ತದೆ. ಪ್ರತಿ ಕುಲುಕಾಟಕ್ಕೂ ಆ 145 ಕಿಲೋ ಅದರ ಎರಡು ಮೂರು ಪಟ್ಟು ಜೋರಿನಿಂದ ಹಿಚ್ಚಿಗೆ ಗುದ್ದಬಹುದು. 500 ಪೌಂಡಿನ ಮಿತಿ ನಯವಾದ ಡಾಂಬರು ರಸ್ತೆಯ ಮಾತು.

ಇದನ್ನು ಸರಿದೂಗಿಸುವುದು ಕಷ್ಟವೇನಲ್ಲ. ಐಸ್ ಪೆಟ್ಟಿಗೆ, ಬಂದೂಕಿನ ಪೆಟ್ಟಿಗೆ, ಸಾಮಾನಿನ ಚೀಲ ಎಲ್ಲವನ್ನೂ ಹಿಂದಿನ ತುದಿಯಿಂದ ತೆಗೆದು ಮುಂದಿನ ಸೀಟಿನ ಬೆನ್ನಿಗೆ ತಾಗಿಸಿ ಇಡಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಅಂತ ಇರುತ್ತದೆ. ನಾಲ್ಕು ಜನ ದೊಡ್ಡವರು ದಪ್ಪ ಬಟ್ಟೆ ತೊಟ್ಟು ಕೂತರೇ 350 ಕಿಲೋ ಆಗಿಬಿಡುತ್ತದೆ, ಅದನ್ನು ಮರೆಯಬೇಡಿ. ಕೆಸರಿನಲ್ಲಿ ಗಾಳಿ ಇಳಿಸಿ ಓಡಿಸಿದ್ದರೆ ಹೆದ್ದಾರಿಗೆ ಬರುವ ಮುಂಚೆ ಟೈರಿಗೆ ಪೂರ್ತಿ ಗಾಳಿ ತುಂಬಿಸಲೇಬೇಕು. ಕಮ್ಮಿ ಗಾಳಿ, ಜಾಸ್ತಿ ಭಾರ, ಜಾಸ್ತಿ ವೇಗ ಮೂರೂ ಸೇರಿದರೆ ಟೈರ್ ಕಾದು ಒಡೆಯುತ್ತದೆ. ಕಾಡುದಾರಿಯ ಇಳಿಜಾರಿನಲ್ಲಿ ಫೋರ್ ವೀಲ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರು) ಹಾಕಿ ಇಂಜಿನ್ನೇ ಗಾಡಿಯನ್ನು ಹಿಡಿಯುವ ಹಾಗೆ ಇಳಿಸಿ. ಮೂರು, ನಾಲ್ಕು ಜಿಂಕೆ ಇದ್ದರೆ ಕ್ಯಾರಿಯರ್ ಆಸೆ ಬಿಟ್ಟು ಸಣ್ಣ ಟ್ರೈಲರ್ ತನ್ನಿ.

ಕಟ್ಟುವಾಗ ರ‍್ಯಾಚೆಟ್ ಪಟ್ಟಿಯೇ (ಹಿಡಿಕೆ ಆಡಿಸಿ ಬಿಗಿಯುವ ಪಟ್ಟಿ) ಬೇಕು. ಎಳೆದಾಡುವ ರಬ್ಬರ್ ಹಗ್ಗ ಸಾಲದು. ಮೆತ್ತಗಿನ ಹೊಟ್ಟೆಯ ಮೇಲೆ ಬಿಗಿಯದೆ ಭುಜ ಮತ್ತು ಸೊಂಟದ ಗಟ್ಟಿ ಮೂಳೆಗಳ ಮೇಲೆ ಒಂದೊಂದು ಪಟ್ಟಿ ಬರಲಿ, ಕೊಂಬಿನ ಬುಡಕ್ಕೆ ಇನ್ನೊಂದು. ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಇಳಿದು ನೋಡಿ. ದೇಹ ಕೂತು ಪಟ್ಟಿ ಸಡಿಲವಾಗಿರುತ್ತದೆ. ನಂಬರ್ ಪ್ಲೇಟು, ಬ್ರೇಕ್ ಲೈಟು ಮುಚ್ಚಿಹೋಗಬಾರದು. ಸೈಲೆನ್ಸರಿನ ಬಾಯಿ ಯಾವ ಪಕ್ಕ ಇದೆ ಅಂತ ನೋಡಿ, ಸೀಳಿದ ಹೊಟ್ಟೆ ಆ ಕಡೆಗೆ ಬರದಂತೆ ಮಲಗಿಸಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಬಿಸಿ ಹೊಗೆ ಮಾಂಸಕ್ಕೆ ಹೊಡೆಯುತ್ತದೆ. ರಸ್ತೆಯ ಉಪ್ಪು, ಕೆಸರು ಸಿಡಿಯದಿರಲು ಹೊದಿಕೆ ಬೇಕು. ಆದರೆ ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಸುತ್ತಿದರೆ ಬಿಸಿ ಒಳಗೇ ಉಳಿಯುತ್ತದೆ. ಗಾಳಿಯಾಡುವ ಹತ್ತಿ ಬಟ್ಟೆಯ ಚೀಲ ಇದಕ್ಕೆಂದೇ ಸಿಗುತ್ತದೆ. ಹೊದಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ರಸ್ತೆಯಲ್ಲಿ ಮಕ್ಕಳಿರುತ್ತಾರೆ, ಬೇಟೆ ಒಪ್ಪದವರಿರುತ್ತಾರೆ. ಸತ್ತ ಪ್ರಾಣಿಯನ್ನು ಪ್ರದರ್ಶನಕ್ಕೆ ಇಟ್ಟುಕೊಂಡು ತಿರುಗಬಾರದು.

ಹೊರಗೆ ಸೊನ್ನೆಯ ಆಸುಪಾಸು ಚಳಿ ಇದ್ದರೆ ಐಸ್ ಬೇಕಿಲ್ಲ. ಕೆಲವು ವರ್ಷ ನವೆಂಬರ್ ಕೊನೆಯಲ್ಲೂ 10–12 ಡಿಗ್ರಿ ಬಿಸಿಲಿರುತ್ತದೆ. ಆಗ ಬೇಕು. ಎಷ್ಟು? 55 ಕಿಲೋ ದೇಹವನ್ನು 38ರಿಂದ 4 ಡಿಗ್ರಿಗೆ ಇಳಿಸಬೇಕು. ಮಾಂಸದ ಒಂದು ಕಿಲೋ ಒಂದು ಡಿಗ್ರಿ ಇಳಿಯಲು ಸುಮಾರು 3.5 ಕಿಲೋಜೂಲ್ ಶಾಖ ಬಿಡುತ್ತದೆ. ಒಟ್ಟು 6,500 ಕಿಲೋಜೂಲ್ ಚಿಲ್ಲರೆ. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಹೀರುತ್ತದೆ. ಭಾಗಿಸಿದರೆ 20 ಕಿಲೋ ಹತ್ತಿರ ಬರುತ್ತದೆ. ಇದು ಹೊರಗಿನ ಬಿಸಿ ಒಂದಿಷ್ಟೂ ಒಳಗೆ ಬರದಿದ್ದರೆ. ಪೆಟ್ರೋಲ್ ಬಂಕಿನಲ್ಲಿ ಎರಡು ಸಣ್ಣ ಚೀಲ ಐಸ್ ಕೊಂಡು ಹೊಟ್ಟೆಯೊಳಗೆ ಇಟ್ಟರೆ ಆಯಿತು ಅನ್ನುವುದು ಸಾಲದು ಅಂತ ಇದರಿಂದಲೇ ಗೊತ್ತಾಗುತ್ತದೆ. ಬಾಟಲಿಯಲ್ಲಿ ನೀರು ತುಂಬಿ ಮನೆಯಲ್ಲೇ ಹೆಪ್ಪುಗಟ್ಟಿಸಿ ಒಯ್ಯುವುದು ಉತ್ತಮ. ಕರಗಿದ ನೀರು ಬಾಟಲಿಯಲ್ಲೇ ಉಳಿಯುತ್ತದೆ, ಮಾಂಸ ನೆನೆಯುವುದಿಲ್ಲ.

ಉಣುಗಿನ ವಿಷಯ ನಮ್ಮ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅವು ಇಳಿದು ಬೇರೆ ಜೀವ ಹುಡುಕುತ್ತವೆ. ಜಿಂಕೆಯ ಉಣುಗೂ ಅದನ್ನೇ ಮಾಡುತ್ತದೆ. ವಿಸ್ಕಾನ್ಸಿನ್ ಕಡೆ ಲೈಮ್ ಕಾಯಿಲೆ ತರುವ ಕಪ್ಪು ಕಾಲಿನ ಉಣುಗು ನವೆಂಬರಿನಲ್ಲೂ ಚುರುಕಾಗಿರುತ್ತದೆ. ಜಿಂಕೆಯನ್ನು ಗಾಡಿಯ ಒಳಗೆ ಇಟ್ಟರೆ ಅವು ಇಳಿಯುವುದು ನಿಮ್ಮ ಸೀಟಿನ ಮೇಲೆ. ಹಿಂದೆ ಹೊರಗೆ ಕಟ್ಟುವುದಕ್ಕೆ ಇದೂ ಒಂದು ಕಾರಣ. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಬಿಸಿ ಡ್ರೈಯರಿಗೆ ಹಾಕಿ, ಮೈಯೆಲ್ಲ ನೋಡಿಕೊಳ್ಳಿ.

ಇನ್ನು ಕಾನೂನು. ಟ್ಯಾಗಿನ, ಅಂದರೆ ಹೊಡೆದ ಜಿಂಕೆಗೆ ಕಟ್ಟುವ ಗುರುತಿನ ಚೀಟಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯನ್ನು ಜಾಗದಿಂದ ಕದಲಿಸುವ ಮೊದಲೇ ಕಿವಿಗೆ ಟ್ಯಾಗ್ ಕಟ್ಟಬೇಕು. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಕೈಗೆ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ಆನ್‌ಲೈನಿನಲ್ಲೋ ಫೋನಿನಲ್ಲೋ ನೋಂದಾಯಿಸಬೇಕು. ಗಾಡಿಯಲ್ಲಿ ಇಡುವ ಕೋವಿಯಲ್ಲಿ ಗುಂಡು ಇರಬಾರದು. ಅಕ್ರಮವಾಗಿ ಹೊಡೆದ ಪ್ರಾಣಿಯನ್ನು ರಾಜ್ಯದ ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಕೇಂದ್ರ ಸರ್ಕಾರದ ಕೇಸಾಗುತ್ತದೆ.

ಕಾನೂನಿನ ಪ್ರಕಾರವೇ ಹೊಡೆದ ಜಿಂಕೆಗೂ ಗಡಿಯಲ್ಲಿ ಒಂದು ತಡೆ ಇದೆ. ಅದಕ್ಕೆ ಕಾರಣ ಜಿಂಕೆಗಳ ಕ್ಷಯಿಸುವ ಕಾಯಿಲೆ, ಅಲ್ಲಿ ಸಿಡಬ್ಲ್ಯುಡಿ ಅನ್ನುತ್ತಾರೆ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡಿತು, 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಯಿತು. ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಅನ್ನುವ, ತಪ್ಪಾಗಿ ಮಡಿಚಿಕೊಂಡ ಪ್ರೋಟೀನ್. ಮೆದುಳು, ಬೆನ್ನುಹುರಿ, ದುಗ್ಧಗ್ರಂಥಿಗಳಲ್ಲಿ ಜಾಸ್ತಿ ಇರುತ್ತದೆ. ಬೇಯಿಸಿದರೆ ನಾಶವಾಗುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ಬಂದದ್ದು ಇಲ್ಲಿಯವರೆಗೆ ಖಚಿತವಾಗಿಲ್ಲ. ಆದರೂ ಸೋಂಕು ಕಂಡ ಜಿಂಕೆಯನ್ನು ತಿನ್ನಬೇಡಿ ಅನ್ನುವುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ರೋಗದ ಜಿಂಕೆಯ ತಲೆ, ಬೆನ್ನುಮೂಳೆಗಳನ್ನು ಒಂದು ಊರಿನಿಂದ ತಂದು ಇನ್ನೊಂದು ಊರಿನ ಕಾಡಿನಲ್ಲಿ ಎಸೆದರೆ ಕಾಯಿಲೆ ಗಾಡಿ ಹತ್ತಿ ಬಂದ ಹಾಗಾಯಿತು.

ಹಾಗಾಗಿ ಉತ್ತರ ವಿಸ್ಕಾನ್ಸಿನ್‌ನ ಹೇವರ್ಡ್ ಕಡೆ ಬೇಟೆಯಾಡಿ, ಸುಮಾರು 225 ಕಿಲೋಮೀಟರ್ ದೂರದಲ್ಲಿ ಪಕ್ಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಿನಿಯಾಪೊಲಿಸ್‌ಗೆ ಹೊರಟವರು ಇಡೀ ಜಿಂಕೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುವಂತಿಲ್ಲ. ಮಿನ್ನೆಸೋಟ ರಾಜ್ಯ ಹೊರಗಿನಿಂದ ಇಡೀ ಜಿಂಕೆ ಬರುವುದನ್ನು ನಿಷೇಧಿಸಿದೆ. ಮೂಳೆ ಬಿಡಿಸಿದ ಮಾಂಸ, ತಲೆ ಮತ್ತು ಬೆನ್ನುಮೂಳೆಯ ಚೂರೂ ಅಂಟಿರದ ತೊಡೆ–ಭುಜಗಳು, ತೊಗಲು, ಮೆದುಳು ಪೂರ್ತಿ ತೆಗೆದ ಬುರುಡೆಯ ತುಣುಕಿಗೆ ಅಂಟಿದ ಕೊಂಬು ಇವಕ್ಕೆ ಅಡ್ಡಿಯಿಲ್ಲ. ಇದು ತೊಂದರೆ ಅಂತ ಕಂಡರೂ ನನಗೆ ಒಳ್ಳೆಯ ದಾರಿ ಅನ್ನಿಸುವುದು ಇದೇ. ವಿಸ್ಕಾನ್ಸಿನ್‌ನಲ್ಲೇ ಒಂದು ರಾತ್ರಿ ತೂಗುಹಾಕಿ ತಣಿಸಿ, ಚರ್ಮ ಸುಲಿದು, ಮೂಳೆ ಬಿಡಿಸಿದರೆ 60 ಕಿಲೋದ ಜಿಂಕೆ ಸುಮಾರು 25–30 ಕಿಲೋ ಮಾಂಸವಾಗುತ್ತದೆ. ಎರಡು ಜಿಂಕೆಯ ಮಾಂಸ ದೊಡ್ಡ ಐಸ್ ಪೆಟ್ಟಿಗೆಗಳಲ್ಲಿ ಗಾಡಿಯ ಒಳಗೇ ಹಿಡಿಸುತ್ತದೆ. ಹಿಚ್ಚಿನ ಮೇಲೆ ಭಾರವಿಲ್ಲ, ಮುಂದಿನ ಚಕ್ರ ಹಗುರಾಗುವುದಿಲ್ಲ, ಹೀಟರ್ ಹಾಕಿಕೊಂಡೇ ಹೋಗಬಹುದು.

ಹೊರಡುವ ಮುಂಚೆ ಜಿಂಕೆಯ ತಲೆಯನ್ನು ಕುತ್ತಿಗೆಯ ಸ್ವಲ್ಪ ಭಾಗದ ಸಮೇತ ವಿಸ್ಕಾನ್ಸಿನ್‌ನ ಸಿಡಬ್ಲ್ಯುಡಿ ಪರೀಕ್ಷಾ ಪೆಟ್ಟಿಗೆಗೆ ಹಾಕಿ. ಅಲ್ಲಿನ ಇಲಾಖೆ ಪುಕ್ಕಟೆಯಾಗಿ ಪರೀಕ್ಷೆ ಮಾಡಿಕೊಡುತ್ತದೆ. ಮೂಳೆಗಳು ಕಸದ ವ್ಯವಸ್ಥೆಯ ಮೂಲಕ ಭೂಭರ್ತಿಗೇ ಹೋಗಲಿ, ಕಾಡಿಗೆ ಬೇಡ. ಚಾಕು, ಟ್ರೇ, ಕ್ಯಾರಿಯರ್ ತೊಳೆದುಬಿಡಿ. ಫಲಿತಾಂಶ ಬರಲು ಎರಡು ವಾರ ಹಿಡಿಯಬಹುದು. ಅಲ್ಲಿಯವರೆಗೆ ಒಂದೊಂದು ಜಿಂಕೆಯ ಮಾಂಸವನ್ನೂ ಬೇರೆ ಬೇರೆ ಕಟ್ಟಿ, ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ ಬರೆದು, ಫ್ರೀಜರಿನಲ್ಲಿ ಬೇರೆ ಬೇರೆ ಮೂಲೆಗೆ ಇಡಿ. ಎರಡನ್ನೂ ಕಲಸಿ ಕೈಮಾ ಮಾಡಿಟ್ಟರೆ, ಒಂದಕ್ಕೆ ಸೋಂಕು ಅಂತ ಬಂದ ದಿನ ಎರಡನ್ನೂ ಎಸೆಯಬೇಕಾಗುತ್ತದೆ.